ದೆವ್ವ ಮೊದಲೊ, ಪ್ರಶ್ನೆ ಮೊದಲೊ?

ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಈಚೆಗೊಂದು ವಾದವೆದ್ದಿತು. ಜಪಾನಿನ ‘ಘೋಸ್ಟ್ ಹಂಟ್’ ಎಂಬ ಭೂತಶೋಧನೆಯ ಕಥೆಯನ್ನು ನಮ್ಮ ಹುಡುಗರಲ್ಲಿ ಕೆಲವರು ಮಂಗಾ ಎಂಬ ಚಿತ್ರಪುಸ್ತಕದಲ್ಲಿ ಓದಿದ್ದಾರೆ. ಕೆಲವರು ಅನಿಮೆ ಎಂಬ ಚಲಿಸುವ ಚಿತ್ರದಲ್ಲಿ ನೋಡಿದ್ದಾರೆ. ತೆರೆಗೆ ಬಂದ ಕಥೆ ಕೆಟ್ಟಂತೆಯೇ ಸರಿ ಎಂದು ಹಿರಿಯ ಮಿತ್ರರೊಬ್ಬರು ತೀರ್ಪಿತ್ತರು. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ.

ಮೂಲ ಕಾದಂಬರಿಗಳು ಫುಯುಮಿ ಓನೊ ಎಂಬ ಲೇಖಕಿಯವು. ಅವನ್ನು ಶಿಹೊ ಇನಾಡಾ 1998ರಿಂದ ಚಿತ್ರಕಥೆಯಾಗಿಸಿದರು. 2006-07ರಲ್ಲಿ ಅದು 25 ಕಂತುಗಳ ಅನಿಮೆಯಾಯಿತು. ಮೊದಲ ಪ್ರಕರಣ ಒಂದು ಹಳೆಯ ಶಾಲೆಯದು. ದೆವ್ವ ಬಿಡಿಸಲೆಂದು ಸಂನ್ಯಾಸಿ, ಪಾದ್ರಿ ಎಲ್ಲರೂ ಬಂದು ನೆರೆದಿದ್ದಾರೆ. ಶೋಧಕ ತರುಣ ಮಾತ್ರ ಕ್ಯಾಮೆರಾಗಳನ್ನಿಟ್ಟು ಕಾಯುತ್ತಾನೆ, ಅಳೆಯುತ್ತಾನೆ, ಕಟ್ಟಡದ ಕೆಳಗಿನ ನೆಲ ಕುಸಿಯುತ್ತಿರುವುದನ್ನು ಕಂಡುಹಿಡಿಯುತ್ತಾನೆ. ಎಲ್ಲವೂ ಅಷ್ಟಕ್ಕೇ ಬಗೆಹರಿಯುವುದಿಲ್ಲ; ಮುಂದೆ ನಿಜವಾದ ದೆವ್ವಗಳೂ ಬರುತ್ತವೆ. ಆದರೆ ಪ್ರಶ್ನೆ ಮೊದಲು, ದೆವ್ವ ಆಮೇಲೆ.

ಪುಸ್ತಕದಲ್ಲಿ ಪುಟವನ್ನು ಹಿಂದೆ ತಿರುವಿ ಸಂಶಯಪಡಲು ಓದುಗನಿಗೆ ಬಿಡುವುಂಟು. ತೆರೆಯ ಮೇಲೆ ಸಂಗೀತವೇ ನಮ್ಮನ್ನು ಎಳೆದೊಯ್ಯುತ್ತದೆ. ಇದು ನಿಜ. ಆದರೂ ಅಳೆಯುವ, ಕಾಯುವ ಆ ನೀರಸ ಭಾಗವನ್ನು ಅನಿಮೆಯವರೂ ಕೈಬಿಡಲಿಲ್ಲ. ಹಾಗಿರುವಾಗ ತೆರೆಯನ್ನು ಬಯ್ದು ಪ್ರಯೋಜನವೇನು?

ತಪ್ಪು ಎಲ್ಲಿದೆಯೆಂಬುದು ನಮ್ಮ ಊರಿನಲ್ಲಿಯೇ ತಿಳಿಯುತ್ತದೆ. ವಿಜಯಪುರದ ಪಶ್ಚಿಮಕ್ಕೆ ಸಾಠ್ ಕಬರ್ ಇದೆ. ಅರವತ್ತಕ್ಕೂ ಹೆಚ್ಚು ಗೋರಿಗಳು, ಸಾಲುಸಾಲಾಗಿ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫಜಲಖಾನನು, ತಾನು ಮರಳಿ ಬರಲಾರನೆಂಬ ಜೋಯಿಸರ ಮಾತು ನಂಬಿ ತನ್ನ ಪತ್ನಿಯರನ್ನೆಲ್ಲ ಬಾವಿಗೆ ನೂಕಿಸಿದನೆಂದು ಜನ ಹೇಳುತ್ತಾರೆ. ಅವನು ಪ್ರತಾಪಗಡದ ಬುಡದಲ್ಲಿ ಸತ್ತು ಅಲ್ಲಿಯೇ ಮಣ್ಣಾದನು. ಇಲ್ಲಿ ತನಗಾಗಿ ಕಟ್ಟಿಸಿದ ಗೋರಿ ಬರಿದಾಗಿಯೇ ಉಳಿಯಿತು.

ಅಲ್ಲಿಗೆ ಹುಡುಗರನ್ನು ಕರೆದೊಯ್ದಿದ್ದೆ. “ಸರ್, ರಾತ್ರಿ ಇಲ್ಲಿ ಹೆಣ್ಮಕ್ಕಳು ಅಳೋ ದನಿ ಕೇಳಸ್ತದಂತ್ರಿ, ವಿಡಿಯೋದಾಗ ನೋಡೀನ್ರಿ” ಎಂದನೊಬ್ಬ. ನಾನೂ ಅಂಥವನ್ನು ನೋಡಿದೆ. ಬ್ಯಾಟರಿಯ ಬೆಳಕು, ಏದುಸಿರು, ಆಮೇಲೊಂದು ಚೀತ್ಕಾರ. ಗೋರಿಗಳೆಷ್ಟು, ಎಲ್ಲವೂ ಒಂದೇ ಕಾಲದವೆ, ಒಬ್ಬನ ಮನೆಯವರವೆ, ಕಥೆ ಯಾರ ಬಾಯಿಂದ ಹೊರಟಿತು ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ಕಾಣಲಿಲ್ಲ. ಸ್ಥಳದ ಹೆಸರನ್ನೇ ‘ಸಾತ್’ ಎಂದು ಬರೆಯುವವರಿದ್ದಾರೆ. ಏಳಕ್ಕೂ ಅರವತ್ತಕ್ಕೂ ಭೇದವರಿಯದವರು ಪರಲೋಕದ ಲೆಕ್ಕ ಒಪ್ಪಿಸುತ್ತಾರೆ! ಇದರಿಂದ ಪ್ರವಾಸಿಗಳು ಬರುತ್ತಾರೆ ಎಂಬ ಸಮರ್ಥನೆಯುಂಟು. ಬರಲಿ. ಏನನ್ನು ನೋಡಿಕೊಂಡು ಹೋಗುತ್ತಾರೆ?

ನನ್ನ ಮುಖ್ಯ ತಕರಾರು ಇದು: ಕಥೆ ನಿಜವಾದರೆ ಅಲ್ಲಿ ಮಲಗಿರುವವರು ಕೊಲೆಯಾದ ಹೆಂಗಸರು. ಅವರ ಹೆಸರು ನಮಗೆ ಉಳಿದಿಲ್ಲ. ಅವರನ್ನು ಚೀರುವ ಪಿಶಾಚಿಗಳನ್ನಾಗಿ ಮಾಡುವುದು ಅವರನ್ನು ಎರಡನೆಯ ಸಲ ಬಾವಿಗೆ ನೂಕಿದಂತೆ. ಕಥೆ ಸುಳ್ಳಾದರೆ ಆ ಸುಳ್ಳು ಹೇಗೆ ಹುಟ್ಟಿತೆಂದು ಹುಡುಕುವುದೇ ದೊಡ್ಡ ಶೋಧನೆ.

ನಮ್ಮ ಗೋಳಗುಮ್ಮಟದಲ್ಲಿ ಒಂದು ಪಿಸುಮಾತು ಎದುರು ಗೋಡೆಯಲ್ಲಿ ಮರುನುಡಿಯುತ್ತದೆ. ಯಾರೂ ಅದನ್ನು ದೆವ್ವವೆನ್ನುವುದಿಲ್ಲ. ಗುಮ್ಮಟದ ಬಾಗನ್ನು ನೋಡಿ ಕಾರಣ ತಿಳಿದು ಬೆರಗಾಗುತ್ತೇವೆ. ಕಾರಣ ತಿಳಿದುದರಿಂದ ಆ ಬೆರಗೇನೂ ಕುಂದಿಲ್ಲ. ಸಾಠ್ ಕಬರಿನ ಚಿತ್ರ ತೆಗೆಯುವವರು ತೆಗೆಯಲಿ. ಮೊದಲು ಹಗಲು ಹೊತ್ತಿನಲ್ಲಿ ಹೋಗಿ ಗೋರಿಗಳನ್ನು ಎಣಿಸಿ ಬರಲಿ.