ಬಣ್ಣ ಕಳೆದಾಗ ಕಂಡ ಬರಹ

ರಾಯಚೂರಿನ ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಮೀರಿದ ಉದ್ದದ ಒಂದೇ ಕಲ್ಲು ಕುಳಿತಿದೆ. ಕಾಕತೀಯರ ಅಧಿಕಾರಿಯಾಗಿದ್ದ ಗೋರೆ ಗನ್ನಯ ರೆಡ್ಡಿಯು 1294ರಲ್ಲಿ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಶಾಸನ ಅದರ ಮೇಲಿದೆ. ನೋಡಬಂದವರು ಅದರ ವರ್ಣಚಿತ್ರವನ್ನು ತೆಗೆದುಕೊಂಡು ಮನೆಗೆ ಮರಳುತ್ತಾರೆ. ಬಿಡುವಿನಲ್ಲಿ ತೆರೆದು ನೋಡಿದರೆ ನೀಲಿಯ ಆಕಾಶವಿದೆ, ಹಸುರು ಪಾಚಿಯಿದೆ, ಪಕ್ಕದಲ್ಲಿ ನಿಂತವರ ಕೆಂಪು ಸೀರೆಯೂ ಇದೆ. ಅಕ್ಷರವೊಂದು ಮಾತ್ರ ಇಲ್ಲ!

ಕಣ್ಣು ಮೊದಲು ಬಣ್ಣದ ಬೆನ್ನು ಹತ್ತುತ್ತದೆ. ಆಕಾರದ ಸರದಿ ಆಮೇಲಿನದು. ಶಾಸನತಜ್ಞರು ಇದನ್ನು ಬಹು ಹಿಂದೆಯೇ ಅರಿತಿದ್ದರು. ಒದ್ದೆಯ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಮೇಲೆ ಮಸಿಯನ್ನು ಒತ್ತಿದರೆ ನೆಲ ಕಪ್ಪಾಗುತ್ತದೆ, ಕುಳಿಯೊಳಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಪ್ಪು ಬಿಳುಪಿಗೆ ತಿರುಗಿಸಿದ ಛಾಯಾಚಿತ್ರವು ಮಾಡುವುದೂ ಇದೇ ಕೆಲಸವನ್ನು.

ಆದರೆ ಬಣ್ಣವನ್ನು ಸುಮ್ಮನೆ ಅಳಿಸಿದರೆ ಸಾಲದು. ಕೆಂಪು, ಹಸುರು, ನೀಲಿಗಳಲ್ಲಿ ಯಾವುದು ಎಷ್ಟು ಬೆಳ್ಳಗಾಗಬೇಕೆಂಬುದನ್ನು ಇಂದಿನ ಯಂತ್ರಗಳಲ್ಲಿ ಬೇರೆ ಬೇರೆಯಾಗಿ ನಿರ್ಧರಿಸಬಹುದು. ಪಾಚಿಯು ಅಕ್ಷರದ ಕುಳಿಯಲ್ಲಿ ಕುಳಿತಿದ್ದರೆ ಹಸುರನ್ನು ತಗ್ಗಿಸಬೇಕು. ಅಕ್ಷರ ಕಪ್ಪಾಗಿ ಎದ್ದು ನಿಲ್ಲುತ್ತದೆ. ಪಾಚಿಯು ಕಲ್ಲಿನ ಮೈಮೇಲೆ ಹಬ್ಬಿದ್ದರೆ ಅದೇ ಹಸುರನ್ನು ಕಲ್ಲಿನ ಬೂದುಬಣ್ಣಕ್ಕೆ ಸರಿಹೊಂದಿಸಬೇಕು. ಕಲೆ ಕರಗಿ ಬರಹ ಉಳಿಯುತ್ತದೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಹಳೆಯ ದೇಗುಲಗಳಲ್ಲಿಯೂ ಈ ಪ್ರಯೋಗವನ್ನು ಮಾಡಿ ನೋಡಬಹುದು. ಎಲ್ಲಕ್ಕೂ ಮೊದಲು ಬೆಳಕು ಓರೆಯಾಗಿ ಬೀಳುವ ಹೊತ್ತನ್ನು ಕಾಯಬೇಕು. ನೆರಳೇ ಇಲ್ಲದ ಚಿತ್ರಕ್ಕೆ ಯಾವ ಯಂತ್ರವೂ ನೆರಳನ್ನು ಕೊಡಲಾರದು.

ಎಲ್ಲ ಚಿತ್ರಕ್ಕೂ ಈ ಮದ್ದು ಸಲ್ಲುವುದೇ? ಇಲ್ಲ. ಮಾನ್ವಿಯ ಕಡೆಯ ಮೆಣಸಿನಕಾಯಿಯ ಹೊಲವನ್ನು ಹೀಗೆ ತಿರುಗಿಸಿದರೆ ಹಣ್ಣಾದ ಕಾಯಿಯೂ ಹಸುರೆಲೆಯೂ ಒಂದೇ ಬೂದಿಯಲ್ಲಿ ಬೆರೆತುಹೋಗಬಹುದು. ಅಲ್ಲಿ ಬಣ್ಣವೇ ಚಿತ್ರದ ಜೀವ.

ಮೂಲದ ವರ್ಣಚಿತ್ರವನ್ನು ಎಂದಿಗೂ ಅಳಿಸತಕ್ಕದ್ದಲ್ಲ. ಕಲ್ಲಿನ ಮೇಲೆ ಹಬ್ಬಿದ್ದು ಪಾಚಿಯೋ ಮಸಿಯೋ ಎಂಬುದಕ್ಕೆ ಮುಂದೆ ಅದೇ ಸಾಕ್ಷಿ. ಮಳೆ, ಬಿಸಿಲು, ಬಳಿದ ಸುಣ್ಣ, ಗೀಚಿದ ಹೆಸರುಗಳು ಶಾಸನಗಳನ್ನು ದಿನದಿನಕ್ಕೂ ಸವೆಸುತ್ತಿವೆ. ಏಳು ನೂರು ವರ್ಷ ಬಾಳಿದ ಅಕ್ಷರವೊಂದು ನಾಳೆ ಉದುರಿದರೆ, ಅದನ್ನು ಓದುವವರಿಗೆ ಉಳಿಯುವುದು ಇಂದು ತೆಗೆದ ಚಿತ್ರವೊಂದೇ.