ಹಳೇ ಡೀಸೆಲ್ ಕಾರಿನ ಬಾನೆಟ್ ಎತ್ತೋಕೆ ರೈತರೇ ಕಲಿಯಬೇಕು

ಸಾವಯವ ಕೃಷಿಕರು ನಾಲ್ಕು ಜನ ಸೇರಿದರೆ ಸ್ವಾವಲಂಬನೆಯ ಮಾತು ಬಂದೇ ಬರುತ್ತದೆ. ಬೀಜ ನಮ್ಮದೇ, ಗೊಬ್ಬರ ನಮ್ಮದೇ, ಜೀವಾಮೃತವೂ ನಮ್ಮದೇ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಬೆಳಗಿನ ಜಾವ ನಾಲ್ಕೂವರೆಗೆ ಸೊಪ್ಪು ತುಂಬಿಸಿದ ಕಾರು ಸ್ಟಾರ್ಟ್ ಆಗದಿದ್ದರೆ ಬಾನೆಟ್ ಕೂಡ ಎತ್ತದೆ ಮೆಕ್ಯಾನಿಕ್‌ಗೆ ಫೋನ್ ಹಚ್ಚುತ್ತೇವೆ. ಅವರು ಬರೋದು ಹತ್ತು ಗಂಟೆಗೆ. ಅಷ್ಟರಲ್ಲಿ ಸೊಪ್ಪು ಬಾಡಿರುತ್ತದೆ, ಕಾಯುತ್ತಿದ್ದ ಗ್ರಾಹಕರು ಬೇರೆ ಅಂಗಡಿ ನೋಡಿಕೊಂಡಿರುತ್ತಾರೆ. ಮೂರು ತಿಂಗಳ ದುಡಿಮೆ ಒಂದು ಬೆಳಗ್ಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಇದು: ಮನೆಯಲ್ಲಿ ಹಳೇ ಡೀಸೆಲ್ ಕಾರೋ ಜೀಪೋ ಇಟ್ಟುಕೊಂಡಿರುವ ಸಣ್ಣ ರೈತರು ಅದರ ಪ್ರಾಥಮಿಕ ರಿಪೇರಿಯನ್ನು ಕಲಿಯಲೇಬೇಕು. ಗಂಡಸರಷ್ಟೇ ಅಲ್ಲ, ಮನೆಯಲ್ಲಿ ಗಾಡಿ ಓಡಿಸುವ ಎಲ್ಲರೂ. ಇದು ಮೆಕ್ಯಾನಿಕ್ ಆಗೋದಕ್ಕಲ್ಲ, ಅವರ ಹೊಟ್ಟೆ ಮೇಲೆ ಹೊಡೆಯೋದಕ್ಕಂತೂ ಅಲ್ಲವೇ ಅಲ್ಲ. ಗಾಡಿಗೆ ಏನಾಗಿದೆ ಅಂತ ಗುರುತಿಸುವ ಕಣ್ಣು ನಮಗೆ ಬರಬೇಕು, ಅಷ್ಟೇ.

ಹಳೇ ಎಂಜಿನ್ ಯಾಕೆ ಒಳ್ಳೇ ಪಾಠಶಾಲೆ

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನು ಪಿಸ್ಟನ್ ಒತ್ತಿ ಸುಮಾರು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸುತ್ತದೆ. ಸೈಕಲ್ ಪಂಪ್ ಜೋರಾಗಿ ಹೊಡೆದಾಗ ಅದರ ಬುಡ ಬಿಸಿಯಾಗುತ್ತದಲ್ಲ, ಅದೇ ತತ್ವ. ಆ ಕಾದ ಗಾಳಿಗೆ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಂದರೆ ಈ ಎಂಜಿನ್ ಕೇಳೋದು ಮೂರೇ: ಸ್ವಚ್ಛ ಗಾಳಿ, ನೀರು ಸೇರದ ಡೀಸೆಲ್, ಸಾಕಷ್ಟು ಶಾಖ. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿದ್ದೂ ಎಂಜಿನ್ ಹತ್ತಲಿಲ್ಲ ಅಂದರೆ ಈ ಮೂರರಲ್ಲಿ ಒಂದು ತಪ್ಪಿದೆ ಅಂತಲೇ ಹುಡುಕಾಟ ಶುರು ಮಾಡಬಹುದು.

1998ರ ಕೊನೆಯಲ್ಲಿ ಬಂದ ಟಾಟಾ ಇಂಡಿಕಾದ 1405 ಸಿಸಿ ಡೀಸೆಲ್ ಎಂಜಿನ್ ಇರಲಿ, ಹಳೇ ಮಹೀಂದ್ರಾ ಜೀಪುಗಳಿರಲಿ, ಆ ಕಾಲದ ಗಾಡಿಗಳಲ್ಲಿ ಡೀಸೆಲ್ ಅಳೆದು ಕೊಡುವ ಕೆಲಸ ಮೆಕ್ಯಾನಿಕಲ್ ಪಂಪಿನದು. ಗ್ಯಾರೇಜ್‌ಗಳಲ್ಲಿ ಇವತ್ತಿಗೂ ಅದಕ್ಕೆ ‘ಮೈಕೋ ಪಂಪ್’ ಅಂತಲೇ ಹೆಸರು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಹಳೇ ಹೆಸರೇ ಉಳಿದಿದೆ. ಇಂಥ ಎಂಜಿನ್‌ನಲ್ಲಿ ಟ್ಯಾಂಕಿನಿಂದ ಇಂಜೆಕ್ಟರ್‌ವರೆಗೆ ಡೀಸೆಲ್ ಹೋಗುವ ದಾರಿಯನ್ನು ಬೆರಳಿಟ್ಟು ತೋರಿಸಬಹುದು. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಸೆನ್ಸರ್, ಕಂಪ್ಯೂಟರ್ ಎಲ್ಲ ಇರುತ್ತದೆ. ಅವುಗಳ ಇಂಧನ ಭಾಗಕ್ಕೆ ಹೊಸಬರು ಕೈ ಹಾಕೋದು ಬೇಡ.

ಇನ್ನೊಂದು ಮಾತು. ಡೀಸೆಲ್ ಪಂಪ್‌ಸೆಟ್ಟಿನಲ್ಲೋ ಟ್ರ್ಯಾಕ್ಟರಿನಲ್ಲೋ ಏರ್ ತೆಗೆದು ಗೊತ್ತಿರುವವರಿಗೆ ಈ ವಿದ್ಯೆಯ ಅರ್ಧ ಈಗಾಗಲೇ ಬಂದಿದೆ. ಕಾರಿನಲ್ಲಿ ಜಾಗ ಇಕ್ಕಟ್ಟು, ತತ್ವ ಒಂದೇ.

ಎಲೆ ನೋಡುವ ಕಣ್ಣಲ್ಲೇ ಹೊಗೆ ನೋಡಿ

ತೋಟಗಾರಿಕೆ ಓದುವಾಗ ಮೊದಲು ಕಲಿಸಿದ್ದು ಲಕ್ಷಣ ಓದೋದನ್ನು. ಗಿಡದ ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ್ದಿರಬಹುದು. ಎರಡಕ್ಕೂ ಒಂದೇ ಗೊಬ್ಬರ ಸುರಿಯುವವರನ್ನು ನೋಡಿ ನಾವು ನಗುತ್ತೇವೆ. ಗಾಡಿಯ ವಿಷಯದಲ್ಲಿ ಮಾತ್ರ ‘ಯಾವುದಕ್ಕೂ ಇರಲಿ, ಪಂಪ್ ಬಿಚ್ಚಿಸಿ’ ಅಂದರೆ ಒಪ್ಪಿಬಿಡುತ್ತೇವೆ.

ಎಂಜಿನ್ನಿಗೂ ಎಲೆ ಇದೆ. ಅದರ ಹೊಗೆಯೇ ಆ ಎಲೆ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ನಮ್ಮ ಮಣ್ಣು ರಸ್ತೆಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಸ್ವಚ್ಛವಾಗಿದ್ದೂ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಕಡೆ ಅನುಮಾನ ಪಡಬಹುದು. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಬಿಳಿ ಹೊಗೆ ಬಂದು, ಎಂಜಿನ್ ನಡುಗಿ, ಸ್ವಲ್ಪ ಹೊತ್ತಿಗೆ ಸರಿಹೋದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಬಹುಶಃ ಹೀಟರ್ ಪ್ಲಗ್ ಹೋಗಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಓಡಿಸೋದು ನಿಲ್ಲಿಸಿ ಗ್ಯಾರೇಜ್‌ಗೆ ಹೇಳಿ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಅದು ಮನೆಯಂಗಳದಲ್ಲಿ ಮುಗಿಯುವ ಕೆಲಸ ಅಲ್ಲ.

ಇಷ್ಟು ಹೇಳಲು ಬಂದರೂ ಸಾಕು. ‘ಕಾರು ಕೆಟ್ಟಿದೆ’ ಅನ್ನೋದಕ್ಕೂ, ‘ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿದೆ, ಬಿಳಿ ಹೊಗೆ ಬರುತ್ತಿದೆ, ಬಿಸಿಯಾದ ಮೇಲೆ ಸರಿ ಇರುತ್ತದೆ’ ಅನ್ನೋದಕ್ಕೂ ಅಜಗಜಾಂತರ. ಎರಡನೆಯದನ್ನು ಕೇಳಿದ ಮೆಕ್ಯಾನಿಕ್ ಬರುವಾಗ ಹೀಟರ್ ಪ್ಲಗ್ ಹಿಡಿದುಕೊಂಡೇ ಬರುತ್ತಾರೆ.

ಒಂದು ರಬ್ಬರ್ ಪೈಪಿನ ಕತೆ

ನಮ್ಮಲ್ಲಿರುವ ಹಳೇ ಡೀಸೆಲ್ ಕಾರು ಒಂದು ಮಳೆಗಾಲದಲ್ಲಿ ಹೊಸ ಚಾಳಿ ಶುರುಮಾಡಿತು. ರಾತ್ರಿ ನಿಂತರೆ ಬೆಳಗ್ಗೆ ಹತ್ತುತ್ತಿರಲಿಲ್ಲ. ಹ್ಯಾಂಡ್ ಪ್ರೈಮರ್ ಒತ್ತಿದರೆ ಹತ್ತುತ್ತಿತ್ತು, ಆಮೇಲೆ ಇಡೀ ದಿನ ತೊಂದರೆಯಿಲ್ಲ. ತೋರಿಸಿದ ಒಂದು ಕಡೆ ‘ಪಂಪ್ ಓವರ್‌ಹಾಲ್ ಆಗಲೇಬೇಕು’ ಅಂದರು. ಅವರು ಹೇಳಿದ ಮೊತ್ತ ನಮ್ಮ ಒಂದು ಬೀನ್ಸ್ ಬೆಳೆಯ ಲಾಭಕ್ಕೆ ಸಮ.

ಲಕ್ಷಣ ಬೇರೆಯೇ ಹೇಳುತ್ತಿತ್ತು. ಪ್ರೈಮರ್ ಒತ್ತಿದರೆ ಸರಿಹೋಗುತ್ತದೆ ಅಂದರೆ ರಾತ್ರಿ ಎಲ್ಲಿಂದಲೋ ಗಾಳಿ ಒಳಗೆ ಹೋಗಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಇದೆಯಲ್ಲ, ಅದರ ಗೇಣುದ್ದದ ತುಂಡನ್ನು ಫಿಲ್ಟರಿಗೂ ಪಂಪಿಗೂ ನಡುವೆ ಕ್ಲಾಂಪ್ ಹಾಕಿ ಸೇರಿಸಿದ್ದಾಯಿತು. ಎಂಜಿನ್ ಓಡುವಾಗ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಂಡಿತು. ಅಲ್ಲಿಂದ ಹಿಂದಕ್ಕೆ ಹುಡುಕುತ್ತಾ ಹೋದರೆ ಟ್ಯಾಂಕ್ ಕಡೆಯಿಂದ ಬರುವ ರಬ್ಬರ್ ಪೈಪ್ ಕ್ಲಾಂಪಿನ ಬುಡದಲ್ಲಿ ಬಿರುಕು ಬಿಟ್ಟಿತ್ತು. ಹೊಸ ಪೈಪಿಗೆ ಆದ ಖರ್ಚು ಒಂದು ಬುಟ್ಟಿ ಬೀನ್ಸಿನ ಬೆಲೆಯಷ್ಟೂ ಇಲ್ಲ. ಒಂದು ಎಚ್ಚರಿಕೆ: ಲೆವೆಲ್ ಪೈಪ್ ಡೀಸೆಲ್ಲಿಗೆ ಬಾಳೋದಿಲ್ಲ, ಗಟ್ಟಿಯಾಗಿ ಬಿರಿಯುತ್ತದೆ. ಪರೀಕ್ಷೆ ಮುಗಿದ ಕೂಡಲೇ ತೆಗೆದುಬಿಡಿ.

ಪಂಪ್ ಅಂದವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಬಾಗಿಲಲ್ಲಿ ಹತ್ತು ಗಾಡಿ ನಿಂತಿರುವಾಗ ಒಂದು ರಾತ್ರಿ ಕಾದು ಬೆಳಗ್ಗೆ ನೋಡುವ ವ್ಯವಧಾನ ಗ್ಯಾರೇಜಿನವರಿಗೆ ಎಲ್ಲಿಂದ ಬರಬೇಕು? ಆ ವ್ಯವಧಾನ ಇರೋದು ಗಾಡಿಯ ಪಕ್ಕದಲ್ಲೇ ಮಲಗಿ ಏಳುವ ನಮಗೆ. ನಾವೇ ಕಲಿಯಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣೋದಿಲ್ಲ.

ಎಲ್ಲಿಂದ ಶುರು ಮಾಡೋದು

ಗಾಡಿ ಚೆನ್ನಾಗಿರುವಾಗಲೇ ಶುರು ಮಾಡಿ. ಕೆಟ್ಟು ನಿಂತಾಗ ಕಲಿಯೋಕೆ ಹೋದರೆ ಆತುರದಲ್ಲಿ ನಾಲ್ಕು ಬೋಲ್ಟ್ ಸವೆಯುತ್ತವೆ.

- ಮೊದಲ ವಾರ ಬರೀ ನೋಡೋದು. ಬ್ಯಾಟರಿ ಟರ್ಮಿನಲ್, ಎಂಜಿನ್ನಿಗೆ ಹೋಗುವ ಅರ್ತ್ ವೈರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಪಂಪ್, ಇಂಜೆಕ್ಟರ್ ಎಲ್ಲಿವೆ ಅಂತ ಗುರುತಿಸಿ ಫೋಟೋ ತೆಗೆದಿಡಿ.
- ಎರಡನೆಯದು ಡೀಸೆಲ್ ಫಿಲ್ಟರ್. ನೀರು ಬಿಡುವ ಸ್ಕ್ರೂ ಅದರ ಬುಡದಲ್ಲಿದ್ದರೆ ತಿಂಗಳಿಗೊಮ್ಮೆ ಸಡಿಲಿಸಿ, ತಳದ ನೀರನ್ನು ಬಾಟಲಿಗೆ ಇಳಿಸಿ. ಕ್ಯಾನಿನಲ್ಲಿ ಡೀಸೆಲ್ ಇಟ್ಟು ಹಾಕುವವರಿಗೆ ಇದು ಕಡ್ಡಾಯ. ಫಿಲ್ಟರ್ ಬದಲಿಸಿದ ಮೇಲೆ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿ.
- ಮೂರನೆಯದು ಹೀಟರ್ ಪ್ಲಗ್. ಎಂಜಿನ್ ತಣ್ಣಗಿರುವಾಗ ಪ್ಲಗ್‌ಗಳನ್ನು ಸೇರಿಸುವ ಪಟ್ಟಿ ಬಿಚ್ಚಿ, ಒಂದೊಂದನ್ನೇ ಮಲ್ಟಿಮೀಟರಿನಲ್ಲಿ ಅಳೆಯಿರಿ. ಚೆನ್ನಾಗಿರುವುದು ಒಂದು ಓಮ್ ಆಸುಪಾಸು ತೋರಿಸುತ್ತದೆ. ಹೋಗಿರುವುದರಲ್ಲಿ ಕರೆಂಟ್ ಹರಿಯುವುದೇ ಇಲ್ಲ.
- ನಾಲ್ಕನೆಯದು ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಅದಕ್ಕೆ ಗಾಬರಿ ಬೇಡ, ಕಿಲೋಮೀಟರ್ ಲೆಕ್ಕ ಇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹೊಲದಲ್ಲಿ ಒಂದೇ ದಿನ ನಾಲ್ಕು ಕಷಾಯ ಸಿಂಪಡಿಸಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯೋದಿಲ್ಲ. ಇಲ್ಲೂ ಹಾಗೇ. ಬೆಳೆ ಡೈರಿಯ ಕೊನೆಯ ನಾಲ್ಕು ಪುಟಗಳನ್ನು ಗಾಡಿಗೆ ಬಿಡಿ. ತಾರೀಖು, ಕಿಲೋಮೀಟರ್, ಏನು ಕಂಡಿತು, ಏನು ಬದಲಿಸಿದ್ದು, ಇಷ್ಟು ಬರೆದರೆ ಸಾಕು.

ಕೈ ಹಾಕಬಾರದ ಕಡೆ

ಧೈರ್ಯ ಬೇರೆ, ದುಡುಕು ಬೇರೆ. ಬರೀ ಜಾಕ್ ನಂಬಿ, ಇಟ್ಟಿಗೆ ಕಲ್ಲು ಇಟ್ಟು ಕಾರಿನ ಕೆಳಗೆ ನುಗ್ಗಬೇಡಿ. ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸವೇ ಬೇಡ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಹಳೇ ಎಂಜಿನ್ನಿನಲ್ಲೂ ಅಲ್ಲಿ 100 ಬಾರಿಗಿಂತ ಹೆಚ್ಚಿನ ಒತ್ತಡ ಇರುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗಬಹುದು. ಹಾಗಾದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್.

ಬ್ರೇಕ್, ಸ್ಟೀರಿಂಗ್, ಟೈಮಿಂಗ್ ಬೆಲ್ಟ್, ಪಂಪಿನ ಒಳಭಾಗ, ಇಂಜೆಕ್ಟರ್ ಪ್ರೆಶರ್ ಸೆಟ್ಟಿಂಗ್, ಇವೆಲ್ಲ ಬಲ್ಲವರ ಕೆಲಸ. ಅವರ ಕೂಲಿಗೆ ಚೌಕಾಸಿ ಮಾಡಬೇಡಿ. ಟೊಮೆಟೊಗೆ ನ್ಯಾಯವಾದ ಬೆಲೆ ಕೇಳುವ ನಾವು ಮೆಕ್ಯಾನಿಕ್‌ನ ವಿದ್ಯೆಗೂ ನ್ಯಾಯವಾದ ಬೆಲೆ ಕೊಡಬೇಕು. ಬಿಡುವಿದ್ದ ದಿನ ಅವರ ಗ್ಯಾರೇಜಿನಲ್ಲಿ ಅರ್ಧ ದಿನ ಕೂತು, ಸ್ಪ್ಯಾನರ್ ಎತ್ತಿಕೊಟ್ಟು ನೋಡಿ. ಯಾವ ವಿಡಿಯೋ ಕೂಡ ಅಷ್ಟು ಕಲಿಸೋದಿಲ್ಲ.

ಸಾವಯವದವರಿಗೆ ಡೀಸೆಲ್ ಯಾಕೆ?

ಇದನ್ನು ಕೇಳೇ ಕೇಳುತ್ತೀರಿ, ಕೇಳಲೂಬೇಕು. ಹಳೇ ಡೀಸೆಲ್ ಗಾಡಿ ಹೊಸದಕ್ಕಿಂತ ಹೆಚ್ಚು ಹೊಗೆ ಬಿಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ದಿನಾ ಪೇಟೆಯೊಳಗೆ ಓಡಾಡುವವರು, ನೀಲಿ ಹೊಗೆ ಹತ್ತಿದ ಎಂಜಿನ್ ಇಟ್ಟುಕೊಂಡವರು, ಚಾಸಿಗೆ ತುಕ್ಕು ಹಿಡಿದವರು ಅದನ್ನು ಗುಜರಿಗೆ ಕೊಡೋದೇ ಸರಿ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಆ ನವೀಕರಣ ಐದು ವರ್ಷಕ್ಕೆ ಮಾತ್ರ. ಹೊಗೆ ತಪಾಸಣೆಯ ಸರ್ಟಿಫಿಕೇಟೂ ಇರಲೇಬೇಕು. ಆದರೆ ವಾರಕ್ಕೆ ಎರಡು ಸಲ ಸಂತೆಗೆ ಹೋಗಿಬರುವ ರೈತರು ಅದಕ್ಕಾಗಿ ಐದು ವರ್ಷದ ಸಾಲ ತಲೆ ಮೇಲೆ ಹೊತ್ತುಕೊಳ್ಳಬೇಕು ಅನ್ನೋದನ್ನು ನಾನು ಒಪ್ಪುವುದಿಲ್ಲ. ಇರುವ ಗಾಡಿಯ ಫಿಲ್ಟರ್ ಸ್ವಚ್ಛವಾಗಿಟ್ಟು, ಇಂಜೆಕ್ಟರ್ ಸಕಾಲಕ್ಕೆ ಪರೀಕ್ಷೆ ಮಾಡಿಸಿದರೆ ಅದರ ಹೊಗೆಯೂ ಕಮ್ಮಿ, ಡೀಸೆಲ್ ಖರ್ಚೂ ಕಮ್ಮಿ.

ನಾವು ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಬಸಿದ ಆಯಿಲ್ ಬಗ್ಗೆ. ಊರಲ್ಲಿ ಅದನ್ನು ಗೆದ್ದಲಿಗೆ ಅಂತ ಬೇಲಿಗೂಟಕ್ಕೆ ಬಳಿಯುತ್ತಾರೆ, ಇಲ್ಲವೇ ಬೇಲಿ ಸಾಲಿಗೇ ಚೆಲ್ಲುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಎಂಜಿನ್ ಸವೆದ ಲೋಹವೂ ಅದರಲ್ಲಿ ಸೇರಿರುತ್ತದೆ. ವರ್ಷಗಟ್ಟಲೆ ಎರೆಹುಳು ಸಾಕಿ ಕಟ್ಟಿದ ಮಣ್ಣಿಗೆ ಅದನ್ನು ಸುರಿಯೋದು ಎಂಥ ಸಾವಯವ? ಹಳೇ ಕ್ಯಾನಿಗೆ ಬಸಿದು, ಮುಚ್ಚಿಟ್ಟು, ಹಳೇ ಆಯಿಲ್ ತಗೊಳ್ಳುವ ಗ್ಯಾರೇಜಿಗೆ ಕೊಡಿ. ಕೆಳಗೆ ಚೆಲ್ಲಿದ್ದರ ಮೇಲೆ ಮರದ ಹೊಟ್ಟು ಹಾಕಿ ಬಳಿದು ತೆಗೆಯಿರಿ, ಆ ಹೊಟ್ಟು ಕಾಂಪೋಸ್ಟ್ ಗುಂಡಿಗೆ ಬೇಡ. ಬಾವಿ, ಕೃಷಿಹೊಂಡದ ಹತ್ತಿರ ಈ ಕೆಲಸ ಮಾಡಲೇಬೇಡಿ.

ರಾಸಾಯನಿಕ ಬಿಟ್ಟಾಗ ನಮ್ಮಲ್ಲಿ ಹಲವರಿಗೆ ಸಿಕ್ಕ ದೊಡ್ಡ ಲಾಭ ಉಳಿತಾಯವಲ್ಲ. ಅಂಗಡಿಯವರು ಕೊಟ್ಟ ಬಾಟಲಿ ಸುರಿಯುವ ಬದಲು ಗಿಡದ ಮುಂದೆ ಕೂತು ನೋಡುವ ಅಭ್ಯಾಸ ಬಂತಲ್ಲ, ಅದು. ಆ ಅಭ್ಯಾಸವನ್ನು ಕೊಟ್ಟಿಗೆ ಪಕ್ಕದಲ್ಲಿ ನಿಂತ ಗಾಡಿಗೂ ಕೊಡಿ ಅನ್ನೋದಷ್ಟೇ ನನ್ನ ಮಾತು. ಈ ಭಾನುವಾರ ಗಾಡಿ ತೊಳೆಯುವಾಗ ಬಾನೆಟ್ಟನ್ನೂ ಎತ್ತಿ. ಟ್ಯಾಂಕಿನಿಂದ ಎಂಜಿನ್‌ವರೆಗೆ ಡೀಸೆಲ್ ಹೋಗುವ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿ. ರಬ್ಬರ್ ಪೈಪಿಗೆ ಎಲ್ಲಾದರೂ ಬಿರುಕು ಕಂಡರೆ ಸಂತೆಯ ದಿನಕ್ಕೆ ಮೊದಲೇ ಬದಲಿಸಿಬಿಡಿ.