ಆಣೆಯ ಬಳಿಕ ಔಷಧ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದಲ್ಲಿ ಶಾಸ್ತ್ರವ್ಯಾಖ್ಯಾನವೂ ಅನಾಥರಿಗೆ ಅನ್ನದಾನವೂ ನಡೆಯುತ್ತಿದ್ದುದಲ್ಲದೆ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದಿತೆಂದು ಸಾರುವ ಕ್ರಿ.ಶ. 1162ರ ಶಾಸನವು, ಆ ಮಠವನ್ನು ಸಕಲ ಜೀವಿಗಳಿಗೂ ಅಭಯಸ್ಥಾನವೆಂದು ವರ್ಣಿಸುತ್ತದೆ. ಇಂದು ನೋವಿನ ಮಾತ್ರೆಯಿಂದಲೋ ಹೆರಾಯಿನಿನಿಂದಲೋ ವ್ಯಸನಕ್ಕೆ ಸಿಕ್ಕಿದ ತರುಣನಿಗೆ ನಾವು ಕೊಡುವ ಅಭಯವೆಂದರೆ ಬಯ್ಗುಳ; ಅದಾದ ಮೇಲೆ ಚಂದ್ರಗುತ್ತಿಯ ರೇಣುಕಾಂಬೆಯ ಸನ್ನಿಧಿಯಲ್ಲಿ ಒಂದು ಆಣೆ.

ಆಣೆಯನ್ನು ನಾನು ಹೀಗಳೆಯುವವನಲ್ಲ. ಕುಡಿತದ ಎಷ್ಟೋ ಮನೆಗಳಲ್ಲಿ ಅದು ಫಲ ಕೊಟ್ಟಿದೆ. ಆದರೆ ಅಫೀಮಿನ ಕುಲದ ದ್ರವ್ಯಗಳು ಉಸಿರಾಟದ ನರಕೇಂದ್ರವನ್ನೇ ಅದುಮತಕ್ಕವಾದುದರಿಂದಲೂ, ನಿತ್ಯಸೇವನೆಯಿಂದ ಶರೀರವು ಗಳಿಸಿಕೊಂಡ ಸಹಿಷ್ಣುತೆ ಕೆಲವೇ ವಾರಗಳ ವಿರಾಮದಲ್ಲಿ ಕರಗಿಹೋಗಿ ಚಪಲ ಮಾತ್ರ ಉಳಿಯುವುದರಿಂದಲೂ, ಸೆರೆಮನೆಯಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಮರಳಿದವನು ಒಂದು ಸಂಜೆ ಮನಸ್ಸು ಸೋತು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಅದೇ ಅವನಿಗೆ ಮೃತ್ಯುವಾಗಬಹುದು. ಬಿಟ್ಟ ಮೇಲಿನ ದಿನಗಳೇ, ಹಾಗಾಗಿ, ಬಹು ಅಪಾಯದವು.

ಗೊರಕೆಯಂತೆ ಕೇಳುವ ತಡೆತಡೆದ ಉಸಿರು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ನೀಲಿಗಟ್ಟಿದ ತುಟಿ: ಇವೆಲ್ಲ ಕಾಣುತ್ತಿರುವಾಗಲೇ ಮನೆಯವರು “ಮಲಗಲಿ ಬಿಡಿ, ಬೆಳಿಗ್ಗೆ ಇಳಿಯುತ್ತೆ” ಎನ್ನುವುದುಂಟು. ಆ ಹೊತ್ತಿಗೆ ಸಲ್ಲತಕ್ಕ ಔಷಧ ನಲೋಕ್ಸೋನ್. ಕೆಲವೇ ನಿಮಿಷಗಳಲ್ಲಿ ಅದು ಉಸಿರನ್ನು ಮರಳಿಸುತ್ತದೆ. ಅದರ ಪ್ರಭಾವ ಬೇಗ ಇಳಿಯುವುದರಿಂದ ರೋಗಿ ಕಣ್ಣು ಬಿಟ್ಟನೆಂದು ಮನೆಗೆ ಕರೆದೊಯ್ಯಲಾಗದು.

ದೀರ್ಘಕಾಲದ ಚಿಕಿತ್ಸೆಗೆ ನಾಲಗೆಯಡಿಯಲ್ಲಿಡುವ ಬ್ಯುಪ್ರೆನಾರ್ಫಿನ್ ಮಾತ್ರೆಯಿದೆ. ಈ ಬಗೆಯ ಚಿಕಿತ್ಸೆಯಲ್ಲಿ ನೆಲೆನಿಂತವರಲ್ಲಿ ಮರಣವು ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ಹಲವು ದೇಶಗಳ ಅನುಭವ. ಒಂದು ಅಮಲಿಗೆ ಇನ್ನೊಂದು ಅಮಲೆಂದು ಮೂಗು ಮುರಿಯುವವರು (ಅವರಲ್ಲಿ ವಿದ್ಯಾವಂತರೇ ಹೆಚ್ಚು!) ವೈದ್ಯರ ನಿಗಾದಲ್ಲಿ ತೆಗೆದುಕೊಂಡಾಗ ಅದು ಒಂದು ಮಿತಿಯಾಚೆಗೆ ಉಸಿರನ್ನು ಅದುಮದೆಂಬುದನ್ನು ಗಮನಿಸಬೇಕು.

ಅಫೀಮುವರ್ಗದ ವ್ಯಸನದಿಂದ ಬಿಡಿಸಿಕೊಳ್ಳಲು ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷವೆಂದು 2019ರಲ್ಲಿ ಪ್ರಕಟವಾದ ಏಮ್ಸ್ ಸಮೀಕ್ಷೆ ಅಂದಾಜಿಸಿತು. ಅಲ್ಪಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆ ಬೇಡಿದ ವ್ಯಸನಿಗೆ 1985ರ ಮಾದಕವಸ್ತು ಕಾಯಿದೆಯ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಕಾನೂನಿಗಿರುವ ಕರುಣೆ ನೆರೆಹೊರೆಗಿಲ್ಲ.

ಸೊರಬದ ಕೂಲಿಕಾರನು ಔಷಧಕ್ಕಾಗಿ ಮತ್ತೆ ಮತ್ತೆ ಶಿವಮೊಗ್ಗೆಗೆ ಹೋಗಿಬರುವುದು ಆಗದ ಮಾತು. ಶಿಕಾರಿಪುರ ಸೊರಬಗಳೆರಡರ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ನಲೋಕ್ಸೋನ್ ಹಗಲಿರುಳು ಸಿಗುವಂತೆಯೂ, ಬ್ಯುಪ್ರೆನಾರ್ಫಿನ್ ಚಿಕಿತ್ಸೆ ತಪ್ಪದೆ ನಡೆಯುವಂತೆಯೂ ಆರೋಗ್ಯ ಇಲಾಖೆ ಏರ್ಪಡಿಸಲಿ. ಮನೆಯಲ್ಲಿ ಇಂಥವರಿದ್ದರೆ 14446 ಸಹಾಯವಾಣಿಗೆ ಇಂದೇ ಕರೆಮಾಡಿ. ಉಸಿರು ತಡೆಯುತ್ತಿದ್ದರೆ ತಡಮಾಡದೆ 108ಕ್ಕೆ.